ತಡವಾಗಿ ಬಂದ ನಗು

ಬೆರಳಿಗೆ ಅಂಟಿದ ಹುಣಸೆಹಣ್ಣು ಹೋಗುತ್ತಿಲ್ಲ, ಕರವಸ್ತ್ರಕ್ಕೆ ಒರೆಸಿದರೆ ಕರವಸ್ತ್ರವೂ ಅಂಟಂಟು, ಬಸ್ಸಿನ ಸರಳು ಹಿಡಿದರೆ ಸರಳಿಗೂ ಅಂಟು — ದುರುಗಮ್ಮ ತಿನ್ರಿ ಸಾರ್ ಅಂತ ಕೈಗಿಟ್ಟದ್ದು, ತಿನ್ನಲೂ ಆಗದೆ ಬಿಸಾಡಲೂ ಆಗದೆ ಪಂಚಾಕ್ಷರಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತಾಡಿದ್ದ, ಏನು ಮಾತಾಡಿದ, ಎಷ್ಟು ಹೊತ್ತು, ಈಗ ನಾಲ್ಕೂಕಾಲು, ಕೊಟ್ಟೂರಿಗೆ ಇನ್ನು ಅರ್ಧ ಗಂಟೆ, ಕಾಲೇಜಿನ ಆಫೀಸು ಐದಕ್ಕೆ ಮುಚ್ಚುತ್ತದೆ, ಪರೀಕ್ಷೆಯ ಅರ್ಜಿ ಕೊಡಲು ಇವತ್ತೇ ಕಡೆಯ ದಿನ. ಅರ್ಜಿ ಜೇಬಿನಲ್ಲಿದೆ. ಹೆಸರು ಜಂಬಕ್ಕ, ಬಿ.ಎ. ಕೊನೆಯ ವರ್ಷ, ವಿಷಯ ಇತಿಹಾಸ, ಎಲ್ಲ ಅವನೇ ಕೈಯಾರೆ ತುಂಬಿದ್ದ, ದುಂಡಗಿನ ಅಕ್ಷರ, ಇಪ್ಪತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ಕೈ, ಸಹಿಯ ಜಾಗ ಮಾತ್ರ ಖಾಲಿ, ಆಕಿ ಮಾಡಂಗಿಲ್ರಿ ಸಾರ್ ಅಂದಳು ತಾಯಿ ದುರುಗಮ್ಮ, ನಾ ಹೇಳಿ ಹೇಳಿ ಸಾಕಾಗೈತಿ, ನೀವರ ಹೇಳಿ ನೋಡ್ರಿ, ನಿಮ್ಮ ಮಾತಂದ್ರ ಆಕಿಗೆ ದೇವರ ಮಾತು ಇದ್ದಂಗ. ಇದ್ದಂಗ. ಇತ್ತು. ಪಕ್ಕದಲ್ಲಿ ಕೂತವನು ನಿದ್ದೆಯಲ್ಲಿ ಇವನ ಭುಜಕ್ಕೆ ತಲೆ ಇಟ್ಟಿದ್ದಾನೆ, ಇರಲಿ, ನಂಬಿ ತಲೆ ಇಟ್ಟವರನ್ನು ಎಬ್ಬಿಸಬಾರದು.

ಹೋದ ವರ್ಷ ಕಾಲೇಜಿನ ಮಾಳಿಗೆಯ ಮೇಲೆ ಆ ದೊಡ್ಡ ಡಿಶ್ ಕೂರಿಸಿದ ದಿನ ಪ್ರಿನ್ಸಿಪಾಲರು ತೆಂಗಿನಕಾಯಿ ಒಡೆದಿದ್ದರು, ಎರಡು ಸಾವಿರದ ಆರು ಅದು, ಇನ್ಮ್ಯಾಲೆ ಬೆಂಗಳೂರಿನ ಪಾಠ ಇಲ್ಲೇ ಕೊಟ್ಟೂರಾಗ ಅಂದಿದ್ದರು, ಇಪ್ಪತ್ತು ಕಾಲೇಜು ಒಟ್ಟಿಗೆ, ಗುರುವಾರ ಗುರುವಾರ ನೇರ ಚರ್ಚೆ, ಅಲ್ಲಿ ಸ್ಟುಡಿಯೋದಲ್ಲಿ ಕೂತ ಪ್ರೊಫೆಸರು ನಮ್ಮನ್ನು ನೋಡುತ್ತಾರೆ, ನಾವು ಟಿವಿಯಲ್ಲಿ ಅವರನ್ನು ನೋಡುತ್ತೇವೆ, ಮೂಲೆಯ ಚಿಕ್ಕ ಚೌಕಟ್ಟಿನಲ್ಲಿ ನಮ್ಮನ್ನೇ ನಾವು ನೋಡಿಕೊಳ್ಳುತ್ತೇವೆ. ಹೋದ ತಿಂಗಳು ಪ್ರಶ್ನೆ ಕೇಳುವವರು ಯಾರು ಅಂದಾಗ ಹಿಂದಿನ ಬೆಂಚಿನಲ್ಲಿ ಒಂದೇ ಕೈ ಎದ್ದಿತ್ತು, ಸಾರ್ ನಾ ಕೇಳ್ತನ್ರಿ. ಜಂಬಕ್ಕ. ಅಪ್ಪನಿಲ್ಲದ ಹುಡುಗಿ, ಬೆಳಗಿನ ಮೊದಲ ಬಸ್ಸಿಗೆ ಬಂದು ಲೈಬ್ರರಿಯ ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತು ಓದುವವಳು. ಮೂರು ದಿನ ಅವಳಿಗೆ ತಾಲೀಮು ಕೊಟ್ಟ, ಐತಿ ಅನ್ನಬೇಡ, ಇದೆ ಅನ್ನು, ಮನ್ಯಾಗ ಅನ್ನಬೇಡ, ಮನೆಯಲ್ಲಿ ಅನ್ನು — ಅವನೂ ಮೈಸೂರಿನ ಎಂ.ಎ. ತರಗತಿಯಲ್ಲಿ ಬಾಯಿ ತೆರೆದ ಮೊದಲ ದಿನ ಇಡೀ ಬೆಂಚು ನಕ್ಕಿತ್ತಲ್ಲ, ಅವತ್ತಿನಿಂದ ನಾಲಿಗೆಯನ್ನು ಕೆರೆದು ಕೆರೆದು ತನ್ನೂರು ಉಜ್ಜಿನಿಯನ್ನು ಪೂರ್ತಿ ತೆಗೆದುಹಾಕಿದ್ದ, ಮನೆಯಲ್ಲೂ ಪುಸ್ತಕದ ಮಾತೇ, ಹೆಂಡತಿ ಅನ್ನದಾನಮ್ಮ ಯಾಕ್ರಿ ಹಿಂಗ ರೇಡಿಯೋ ಆಗೀರಿ ಅಂತ ನಗುತ್ತಾಳೆ. ನಗಲಿ. ಈ ಹುಡುಗಿಯನ್ನು ನೋಡಿ ಯಾರೂ ನಗಬಾರದು, ಅದಕ್ಕೇ ತಾಲೀಮು, ಅದಕ್ಕೇ, ಬೇರೆ ಯಾತಕ್ಕೂ ಅಲ್ಲ. ಅವಳು ಅಂಗೈ ಮೇಲೆ ಪೆನ್ನಿನಿಂದ ಇದೆ ಅಂತ ಬರೆದುಕೊಂಡು ಬಂದಿದ್ದಳು.

ಅವತ್ತಿನ ವಿಷಯ ವಿಜಯನಗರ ಕಾಲದ ಕೆರೆಗಳು. ಕೊಟ್ಟೂರು ಕೇಂದ್ರ, ನಿಮ್ಮ ಪ್ರಶ್ನೆ ಕೇಳಿ ಅಂದರು ಪ್ರೊಫೆಸರು, ಅಟೆಂಡರ್ ಪಾಲಣ್ಣ ಮೈಕು ತಂದು ಕೈಗೆ ಕೊಟ್ಟ, ಜಂಬಕ್ಕ ಎದ್ದು ನಿಂತಳು, ಮೊದಲ ಎರಡು ವಾಕ್ಯ ಸರಿಯಾಗೇ ಬಂತು, ಆಮೇಲೆ ಅಜ್ಜನ ನೆನಪಾಯಿತೋ ಏನೋ, ಅಂಗೈ ನೋಡುವುದನ್ನೇ ಮರೆತಳು — ನಮ್ಮಜ್ಜ ಕೆರಿ ನೀರಗಂಟಿ ಇದ್ದನ್ರಿ ಸಾರ್, ಯಾರ ಹೊಲಕ್ಕ ಎಷ್ಟೊತ್ತು ನೀರು ಬಿಡಬೇಕಂತ ತಳದಾಗ ತೂತಿರೋ ತಾಮ್ರದ ಬಟ್ಟಲ ನೀರಾಗ ತೇಲಿಬಿಡ್ತಿದ್ದ, ಅದು ಮುಳುಗಿದ್ರ ಒಬ್ಬರ ಸರದಿ ಮುಗೀತು, ಆ ಬಟ್ಟಲ ಈಗೂ ನಮ್ಮ ಮನ್ಯಾಗ ಐತಿ, ರಾಯರ ಕಾಲದಾಗೂ ಹಂಗ ಅಳೀತಿದ್ರ, ಶಾಸನದಾಗ ಏನರ ಐತೇನ್ರಿ? ಎಂಥ ಪ್ರಶ್ನೆ ಅದು, ಇಪ್ಪತ್ತನಾಲ್ಕು ವರ್ಷದಲ್ಲಿ ಅವನಿಗೆ ಹೊಳೆಯದ ಪ್ರಶ್ನೆ, ಅವನ ಮೈ ಜುಮ್ಮೆಂದಿತ್ತು, ಹೌದು, ನಿಜವಾಗಿ ಜುಮ್ಮೆಂದಿತ್ತು, ಅಷ್ಟರಲ್ಲಿ ಪ್ರೊಫೆಸರು ಕನ್ನಡಕ ತೆಗೆದು, ಏನಮ್ಮಾ, ಒಂಚೂರು ಕನ್ನಡದಲ್ಲಿ ಕೇಳ್ತೀಯಾ ಅಂದರು, ಸ್ಟುಡಿಯೋ ನಕ್ಕಿತು, ಇಪ್ಪತ್ತು ಕಾಲೇಜು ನಕ್ಕವು, ಆಗ ಅವನು — ಅವನು ಅವಳ ಕೈಯಿಂದ ಮೈಕು ತೆಗೆದುಕೊಂಡ. ಕ್ಷಮಿಸಿ ಸರ್, ಹಳ್ಳಿಯ ಹುಡುಗಿ, ಅವಳು ಕೇಳುತ್ತಿರುವುದು ಏನೆಂದರೆ, ಅಂತ ಇಡೀ ಪ್ರಶ್ನೆಯನ್ನು ಇಸ್ತ್ರಿ ಮಾಡಿದ ಮಾತಿನಲ್ಲಿ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ ಪಂಚಾಕ್ಷರಪ್ಪನವರೇ, ಯಾರೂ ಕೇಳದ್ದನ್ನು ಕೇಳಿದಿರಿ, ಇದರ ಮೇಲೊಂದು ಲೇಖನ ಬರೆಯಿರಿ. ಧನ್ಯವಾದ ಸರ್ ಅಂದ. ಪ್ರಶ್ನೆ ನನ್ನದಲ್ಲ ಅಂತ ಯಾಕೆ ಹೇಳಲಿಲ್ಲ, ಮೈಕು ಕೈಯಲ್ಲೇ ಇತ್ತಲ್ಲ, ಎರಡು ಪದ ಸಾಕಿತ್ತಲ್ಲ.

ಮಾರನೆಯ ದಿನ ಅವಳು ಬರಲಿಲ್ಲ, ಆ ವಾರ ಬರಲಿಲ್ಲ, ಜ್ವರ ಇರಬೇಕು ಅಂದುಕೊಂಡ, ಅಂದುಕೊಳ್ಳುವುದು ಸುಲಭ, ತಿಂಗಳಾದ ಮೇಲೆ ಇವತ್ತು ಅರ್ಜಿ ಹಿಡಿದು ಕೂಡ್ಲಿಗಿಯಾಚೆ ಅವಳ ಹಳ್ಳಿಗೆ ಹೋದ. ಹುಣಸೆಹಣ್ಣು ಬಿಡಿಸುವ ತಗಡಿನ ಶೆಡ್ಡು, ಹದಿನೈದಿಪ್ಪತ್ತು ಹೆಂಗಸರು, ಸಣ್ಣ ಸುತ್ತಿಗೆಗಳ ಸದ್ದು, ಅವರ ನಡುವೆ ತಲೆಗೆ ಬಟ್ಟೆ ಕಟ್ಟಿಕೊಂಡು ಅವಳು. ಇವನನ್ನು ನೋಡಿ ಎದ್ದು ನಿಂತಳು, ಈಗಲೂ ಎದ್ದು ನಿಂತಳು, ಅದನ್ನು ನೋಡಿದಾಗಲೇ ತಿರುಗಿ ಹೋಗಿಬಿಡಬೇಕಿತ್ತು. ಸಹಿ ಮಾಡು ತಂಗಿ, ಇನ್ನೊಂದು ಪರೀಕ್ಷೆ ಅಷ್ಟೇ. ಬ್ಯಾಡ್ರಿ ಸಾರ್. ಆ ಬೆಂಗಳೂರಿನವರು ನಕ್ಕರು ಅಂತ ಓದು ಬಿಡ್ತಾರೇನು? ಅವ್ರು ನಕ್ಕಿದ್ದಕ್ಕ ನನಗೇನೂ ಅನಸಲಿಲ್ರಿ, ಅವ್ರು ನನಗ ಯಾರು? ಅಷ್ಟು ಹೇಳಿ ಕೈಯಲ್ಲಿದ್ದ ಹುಣಸೆಹಣ್ಣಿನ ಬೀಜ ತೆಗೆದು ಬುಟ್ಟಿಗೆ ಹಾಕಿದಳು. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು, ಅದರ ಬದಲು ಅವನ ಬಾಯಿಂದ, ನಾನೇನು ನಗಲಿಲ್ಲವಲ್ಲ ಜಂಬಕ್ಕ, ಅಂತ ಬಂತು, ಅದೂ ಪುಸ್ತಕದ ಮಾತಿನಲ್ಲಿ. ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ, ಮೇಷ್ಟ್ರು ಸುಳ್ಳು ಹೇಳಿದ್ದಕ್ಕೆ ಅವಳಿಗೇ ನಾಚಿಕೆಯಾದಂತೆ ತಲೆ ತಗ್ಗಿಸಿ, ಟಿವಿಯಾಗ ಕಂಡ್ರಿ ಸಾರ್, ಅಂದಳು.

ಕೊಟ್ಟೂರು, ಕೊಟ್ಟೂರು, ಇಳೀರಿ ಸಾರ್, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಪಕ್ಕದವನು ಎದ್ದು ಹೋಗಿದ್ದಾನೆ, ಐದಕ್ಕೆ ಹತ್ತು ನಿಮಿಷ, ಈಗಲೂ ಓಡಿದರೆ ಆಫೀಸು ಸಿಗುತ್ತದೆ, ಸಿಕ್ಕರೆ ಏನು, ಸಹಿ ಇಲ್ಲ, ಅವಳ ಸಹಿ ತಾನೇ ಮಾಡಿದರೆ, ಛೀ, ಅವಳ ಪ್ರಶ್ನೆ ತೆಗೆದುಕೊಂಡದ್ದು ಸಾಲದೆ ಹೆಸರೂ — ನಕ್ಕಿದ್ದ, ಹೌದು ನಕ್ಕಿದ್ದ, ದೊಡ್ಡವರು ನಕ್ಕಾಗ ನಕ್ಕು ಅಭ್ಯಾಸ, ಅರ್ಧ ಕ್ಷಣ ಅಷ್ಟೇ, ತಕ್ಷಣ ಬಾಯಿ ಮುಚ್ಚಿ ಅವಳ ಕಡೆ ತಿರುಗಿದ್ದ, ಮುಖದಲ್ಲಿ ಮರುಕ ತಂದುಕೊಂಡೇ ತಿರುಗಿದ್ದ, ಅವಳು ನೋಡಿರಲಾರಳು ಅನ್ನುವಷ್ಟು ಬೇಗ, ಆದರೆ ಅವಳು ಇವನನ್ನು ನೋಡುತ್ತಿರಲಿಲ್ಲ, ಟಿವಿ ನೋಡುತ್ತಿದ್ದಳು, ಚಿತ್ರ ಮ್ಯಾಲೆ ಉಪಗ್ರಹಕ್ಕ ಹೋಗಿ ಕೆಳಗ ಬರಬೇಕಲ್ರಿ ಸಾರ್, ಒಂದೀಟು ತಡ ಆಗತೈತಿ, ಅಂದಿದ್ದ ಪಾಲಣ್ಣ ಆಮೇಲೆ ವೈರು ಸುತ್ತುತ್ತಾ — ಇಲ್ಲಿ ಅವನ ಬಾಯಿ ಮುಚ್ಚಿದೆ, ಅಲ್ಲಿ ಮೂಲೆಯ ಚೌಕಟ್ಟಿನಲ್ಲಿ ಪಂಚಾಕ್ಷರಪ್ಪ ಹಲ್ಲು ಬಿಟ್ಟು ನಗುತ್ತಿದ್ದಾನೆ, ಇಳೀರಿ ಸಾರ್, ಬಾಯಿ ಮುಚ್ಚಿದೆ, ನಗುತ್ತಿದ್ದಾನೆ, ಅವಳು ನೋಡುತ್ತಿದ್ದಾಳೆ, ಅವನು ಇನ್ನೂ ನಗುತ್ತಲೇ ಇದ್ದಾನೆ —