ಮುರೊಝುಮಿಯವರ ತೋರುಬೆರಳು

ಮುರೊಝುಮಿ ತೊಕುಜಿಯವರ ತೋರುಬೆರಳು ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಮನೆ ಬಿಡುವಾಗ ಅದು ಗ್ಯಾಸ್ ಒಲೆಯ ಕಡೆ ಚಾಚುತ್ತಿತ್ತು, ಬಾಯಿ "ಒಲೆ, ಸರಿ" ಎನ್ನುತ್ತಿತ್ತು. ಬಾಗಿಲ ಕಡೆ ಚಾಚುತ್ತಿತ್ತು, "ಬೀಗ, ಸರಿ" ಎನ್ನುತ್ತಿತ್ತು. ನೆರೆಯ ಮುದುಕರೊಬ್ಬರ ಅಂತ್ಯಕ್ರಿಯೆಯಲ್ಲಿ, ಪುರೋಹಿತರ ಸೂತ್ರಪಠಣ ನಡೆದಿರುವಾಗಲೇ, ಆ ಕೈ ತಾನಾಗಿ ಮೇಲೆದ್ದು ಶವಪೆಟ್ಟಿಗೆಯನ್ನು ತೋರಿಸಿತು: "ಮುಚ್ಚಳ, ಸರಿ." ಯಾರೂ ನಗಲಿಲ್ಲ. ಜಪಾನಿನಲ್ಲಿ ರೈಲು ಓಡಿಸಿ ನಿವೃತ್ತರಾದವರನ್ನು ಈ ಅಭ್ಯಾಸ ಸಾಯುವತನಕ ಬಿಡುವುದಿಲ್ಲವೆಂಬುದು ನಮ್ಮ ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ಸಿಗ್ನಲ್ಲನ್ನು ಕಣ್ಣು ನೋಡಿದರೆ ಸಾಲದು. ಬೆರಳು ತೋರಿಸಬೇಕು, ಬಾಯಿ ಹೇಳಬೇಕು, ಜೊತೆಯಲ್ಲಿರುವವನು ಮರುದನಿ ಕೊಡಬೇಕು. ಮರುದನಿ ಬಾರದೆ ಗಾಡಿ ಕದಲಕೂಡದು.

ಇಳಿಜಾರಿನ ಕಿತ್ತಳೆ ತೋಟದಲ್ಲೂ ಅವರು ಹಳಿಯ ಅಡ್ಡಪಟ್ಟಿಗಳ ಮೇಲೆ ಕಾಲಿಡುವವರ ಹಾಗೆ ಅಳೆದಳೆದು ನಡೆಯುತ್ತಿದ್ದರು. ಗುಂಡಿಗಳೆಲ್ಲ ಭದ್ರವಾಗಿದ್ದ, ತೋಳು ಮಾತ್ರ ಸವೆದ ನೀಲಿ ಕೋಟು, ಬಲಗೈಗೊಂದು ಬಿಳಿ ಕೈಗವಸು. ಈ ವೇಷದಲ್ಲಿ ಅವರು ತಮ್ಮ ಪುಟ್ಟ ಬಿಳಿ ಟ್ರಕ್ಕಿನ ಮುಂದೆ ನಿಂತರೆ, ಗೊಬ್ಬರದ ಚೀಲ ಹೊರುವ ಆ ಬಡಗಾಡಿಯೂ ರಾಜಧಾನಿಗೆ ಹೊರಟ ರೈಲಿನ ಗಾಂಭೀರ್ಯ ತಾಳುತ್ತಿತ್ತು.

ವಾರಕ್ಕೆ ಮೂರು ಮುಂಜಾನೆ ಅದು ಹೊರಡುತ್ತಿದ್ದುದು ಗೊಬ್ಬರಕ್ಕಲ್ಲ, ಅವರ ಹೆಂಡತಿ ಇಸೊಯೆಯವರಿಗಾಗಿ. ಸಕ್ಕರೆ ಕಾಯಿಲೆ ಆಕೆಯ ಮೂತ್ರಪಿಂಡಗಳನ್ನು ತಿಂದು ಮುಗಿಸಿ ಕಣ್ಣಿಗೆ ಕೈಹಾಕಿತ್ತು. ಕೆಳಗಿನ ಧಕ್ಕೆಯಿಂದ ದೋಣಿ ಹಿಡಿದು ಇಮಾಬರಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಆಕೆ ಬದುಕುವಂತಿರಲಿಲ್ಲ. ನಮ್ಮ ಮನೆಗಳಿಂದ ಧಕ್ಕೆಗೆ ಇಳಿಯುವ ದಾರಿಯಾದರೋ ಏಣಿಯನ್ನು ಒರಗಿಸಿಟ್ಟಷ್ಟು ಕಡಿದು. ಅದರ ತುದಿಯಲ್ಲಿ ಒಂದು ತಿರುವು, ತಿರುವಿನಾಚೆ ಸಮುದ್ರ.

ಆಸನ ಎತ್ತಿದರೆ ಎಂಜಿನ್ ಇರುವ ಗಾಡಿಯದು. ಆದ್ದರಿಂದ ತಪಾಸಣೆಯ ಮೊದಲ ಭಾಗ ಮುಗಿಯುವವರೆಗೆ ಇಸೊಯೆ ಆಸ್ಪತ್ರೆಯ ಚೀಲ ಹಿಡಿದು ಅಂಗಳದಲ್ಲಿ ನಿಂತಿರಬೇಕು. "ಎಂಜಿನ್ ಆಯಿಲ್, ಸರಿ." "ಸರಿ," ಎಂದು ಆಕೆ. "ಟೈರು, ಸರಿ." "ಸರಿ." ಬೇಲಿಯಾಚೆ ನನ್ನ ತರಕಾರಿ ಪಾತಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ತಿಳಿದು ಆಕೆ ಒಮ್ಮೆ ಹೇಳಿದ್ದರು: "ಮದುವೆ ದಿನ ನನ್ನ ಕಡೆಗೂ ಹೀಗೇ ಬೆರಳು ತೋರ್ಸಿ ಸರಿ ಅಂದ್ರು, ಟೀಚರ್. ಅವತ್ತೂ ನೆಟ್ಟಗೆ ನೋಡಿರ್ಲಿಲ್ಲ."

ಕಳೆದ ಶರತ್ಕಾಲದಲ್ಲಿ, ಇಮಾಬರಿಯಿಂದ ಈರುಳ್ಳಿ ಸಸಿ ತಂದುಕೊಡಿ ಎಂದು ಹೇಳಲು ಆ ಅಂಗಳಕ್ಕೆ ಹೋಗಿದ್ದೆ. ಇಸೊಯೆ ಆಗಲೇ ಒಳಗೆ ಕೂತಿದ್ದರು. ಮುರೊಝುಮಿಯವರು ಗಾಡಿಯ ಮುಂಭಾಗದ ಸಣ್ಣ ಮುಚ್ಚಳ ತೆರೆದು ಬೆರಳು ಚಾಚಿದರು. "ಬ್ರೇಕ್ ಆಯಿಲ್, ಸರಿ."

ಆಯಿಲ್ ಡಬ್ಬಿ ನನ್ನ ಎದುರಿಗೇ ಇತ್ತು. ಎರಡು ಗೆರೆಗಳ ನಡುವೆ ನಿಲ್ಲಬೇಕಾದ ದ್ರವ ಕೆಳಗಿನ ಗೆರೆಗಿಂತಲೂ ಕೆಳಗೆ, ತಳದಲ್ಲಿ ಕಂದುಬಣ್ಣಕ್ಕೆ ತಿರುಗಿ ಕೂತಿತ್ತು. ಬೆರಳಿನ ಗುರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಣ್ಣು ಮಾತ್ರ ಸಮುದ್ರದ ಮೇಲಿತ್ತು. ಅಲ್ಲಿ ದೋಣಿ ಆಗಲೇ ಕಾಣಿಸಿಕೊಂಡಿತ್ತು.

"ಇನ್ನೊಂದ್ಸಲ ನೋಡಿ," ಎಂದೆ.

"ನೋಡಿದ್ನಲ್ಲ."

"ನಿಮ್ಮ ಬೆರಳು ನೋಡ್ತು. ನೀವು ನೋಡ್ಲಿಲ್ಲ."

ಅವರ ಕಿವಿ ಕೆಂಪಾಯಿತು. "ಟೀಚರ್, ನೀವು ಕಾಲೇಜಲ್ಲಿ ತರ್ಕಶಾಸ್ತ್ರ ಹೇಳ್ಕೊಟ್ಟೋರು. ನಾನು ಸಾವಿರಾರು ಜನರನ್ನ ಕೂರಿಸ್ಕೊಂಡು ಗಾಡಿ ಓಡ್ಸಿದೋನು. ದೋಣಿ ಬಂತು. ಏಯ್, ಇಸೊಯೆ, ಬ್ರೇಕ್ ಆಯಿಲ್, ಸರಿ."

ಒಳಗಿನಿಂದ ಮರುದನಿ ಬರಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

"ನಂಗೆ ಕಾಣ್ಸಲ್ಲ ರೀ. ಬೇಸಗೆಯಿಂದ್ಲೂ ಕಾಣ್ತಿಲ್ಲ. ನೀವು ಅಂದ್ರಿ ಅಂತ ನಾನೂ ಅಂತಿದ್ದೆ, ಅಷ್ಟೆ."

ಧಕ್ಕೆಯಲ್ಲಿ ದೋಣಿ ಕೂಗಿತು. ದ್ವೀಪದ ಎಲ್ಲರ ಟ್ರಕ್ಕಿನಂತೆ ಇದರಲ್ಲೂ ಬೀಗದಕೈ ಸದಾ ನೇತಾಡುತ್ತಿತ್ತು; ಮುರೊಝುಮಿಯವರು ಹತ್ತಿ ಕೂತು ತಿರುಗಿಸಿದ್ದರೆ ತಡೆಯುವ ಶಕ್ತಿ ನಮ್ಮಿಬ್ಬರು ಮುದುಕಿಯರಿಗೆ ಇರಲಿಲ್ಲ. ಅವರು ಹತ್ತಲಿಲ್ಲ. ಚಾಚಿದ ಬೆರಳನ್ನು ಇಳಿಸಲೂ ಇಲ್ಲ. ಕೊನೆಗೆ, ಬೈಗುಳ ತಿಂದವರಂತೆ ಬಾಗಿ, ಕೈಗವಸು ಕಳಚಿ, ಉಗುರನ್ನು ಡಬ್ಬಿಯ ಮೇಲಿನ ಗೆರೆಗೆ ತಾಗಿಸಿ ಕೆಳಕ್ಕೆ ಎಳೆಯುತ್ತ ಹೋದರು. ಉಗುರು ತಳ ಮುಟ್ಟಿತು. "ಇಲ್ಲ," ಎಂದರು.

ರೈತರ ಸಂಘದ ಗ್ಯಾರೇಜಿನ ನೊಗಾಮಿಗೆ ನಾನು ಫೋನು ಮಾಡಿದೆ. ಅವನು ತನ್ನ ಗಾಡಿಯಲ್ಲಿ ಬಂದು ಇಸೊಯೆಯವರನ್ನು ಧಕ್ಕೆಗೆ ಮುಟ್ಟಿಸಿದ. ದೋಣಿಯವರು ಹಗ್ಗ ಬಿಚ್ಚದೆ ಕಾದಿದ್ದರು. ಮರಳಿ ಬಂದವನು ಹಿಂದಿನ ಚಕ್ರ ಕಳಚಿ, ಒಳಗಿನ ಒದ್ದೆಯನ್ನು ಬಟ್ಟೆಯಿಂದ ಒರೆಸಿ ತೋರಿಸಿದ.

"ಅರ್ಧ ದಾರಿಗೆ ಪೆಡಲು ಪಾತಾಳಕ್ಕೆ ಹೋಗ್ತಿತ್ತು ತಾತ. ಮೀನು ಹಿಡ್ಯೋಕೆ ಇಬ್ರೂ ಒಟ್ಟಿಗೇ ಹೋಗ್ತಿದ್ರಿ."

"ಎಷ್ಟು ದಿನದಿಂದ ಸೋರ್ತಿದೆ?"

ನೊಗಾಮಿ ನನ್ನ ಮುಖ ನೋಡಿದ. "ಇವತ್ತಿನದಲ್ಲ ತಾತ."

ಮುರೊಝುಮಿಯವರು ಚಕ್ರ ಕಳಚಿದ ಗಾಡಿಯ ಅಂಚಿನಲ್ಲಿ ಕೂತು, ಸಂಜೆಯ ದೋಣಿಯಲ್ಲಿ ಹೆಂಡತಿ ಮರಳುವವರೆಗೂ ಆ ಇಳಿಜಾರನ್ನೇ ನೋಡುತ್ತಿದ್ದರು.

ಅವರು ಈಗಲೂ ಓಡಿಸುತ್ತಾರೆ. ಬೇರೆ ಯಾರೂ ಇಲ್ಲ, ಇಸೊಯೆಯವರ ಡಯಾಲಿಸಿಸ್ ಕಾಯುವಂಥದ್ದಲ್ಲ. ಮರುದನಿಯ ಕೆಲಸ ನನ್ನ ಪಾಲಿಗೆ ಬಂದಿದೆ. ಡಬ್ಬಿಗೆ ಮುಖ ಒಡ್ಡಿ ನಾನು ಗೆರೆ ಹುಡುಕುವಾಗ ಅವರು ನನ್ನ ತುಟಿಯನ್ನೇ ನೋಡುತ್ತಿರುತ್ತಾರೆ. ಕಳೆದ ವಾರ ಕನ್ನಡಕ ಒರೆಸಿ ಎರಡನೆಯ ಸಲ ಬಗ್ಗಬೇಕಾಯಿತು. ನನ್ನ ಕಣ್ಣಿಗೂ ವಯಸ್ಸಾಗಿದೆಯೆಂಬುದನ್ನು ಅವರು ಗಮನಿಸಿದರು.

ಅಜಾಗರೂಕರ ಬಗ್ಗೆ ನನಗೆ ಹೆಚ್ಚಿನ ಭಯವಿಲ್ಲ. ಅವರ ಹತ್ತಿರ ಸುಳಿಯುವಾಗ ಯಾರಾದರೂ ಮೈಯೆಲ್ಲ ಕಣ್ಣಾಗಿರುತ್ತಾರೆ. ಮುರೊಝುಮಿಯವರಂಥ ಎಚ್ಚರದ ಮನುಷ್ಯರ ಪಕ್ಕದಲ್ಲಿ ಮಾತ್ರ ನಾವು ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತೇವೆ. ಅವರೂ ಒಂದು ದಿನ, ಯಾವ ದಿನವೆಂದು ತಮಗೇ ತಿಳಿಯದೆ, ತಮ್ಮ ಎಚ್ಚರವನ್ನು ನಂಬಿ ಕಣ್ಣು ಮುಚ್ಚಿಬಿಟ್ಟಿರುತ್ತಾರೆ.