ಸೀನಿಯರ್‌ಗಳ ಹೆಸರಿನ ಸಾಲು

ಹನ್ನೊಂದಕ್ಕೆ ಪ್ರಾಜೆಕ್ಟ್ ಪರೀಕ್ಷೆ. ಹತ್ತೂವರೆಯಾದರೂ ಪರದೆಯ ಮೇಲೆ ನನ್ನ ಗ್ರಾಫ್ ಬರಲಿಲ್ಲ. ಗ್ರಾಫ್ ಬಿಡಿಸುವ ಲೈಬ್ರರಿ ಫೈಲು ಸಿಗುತ್ತಿಲ್ಲ ಎಂಬ ಒಂದೇ ಸಾಲು. ಕಾಪುವಿನ ಅಳಿವೆಯಲ್ಲಿ ಬಿದಿರುಕೋಲು ನೆಟ್ಟು ಅಪ್ಪ ಮತ್ತು ನಾನು ಇಪ್ಪತ್ತೆಂಟು ದಿನ ಅಳೆದ ಉಬ್ಬರವಿಳಿತದ ಗ್ರಾಫ್ ಅದು.

"ನಿನ್ನೆ ಸಂಜೆ ಬಂದಿತ್ತಲ್ಲ ಮಾರಾಯ್ತಿ," ಎಂದ ಸಹಪಾಠಿ ಧರ್ಮಪಾಲ. ನನ್ನ ನಂತರ ಅವನ ಸರದಿ.

ಲ್ಯಾಬ್ ನೋಡಿಕೊಳ್ಳುವ ಲಿಯೋನೆಲ್ ಸರ್, "ಗ್ರಾಫ್ ಬಿಡು ವಾರಿಜಾ. ಅಂಕಿಗಳನ್ನು ಪ್ರಿಂಟ್ ಮಾಡಿ ಕೊಡು, ಪಾಸಾಗ್ತೀ," ಎಂದರು.

ಪಾಸಾಗಲಿಕ್ಕಾದರೆ ಯಾವ ಪ್ರೋಗ್ರಾಮೂ ಸಾಕಿತ್ತು.

"ಪ್ರೋಗ್ರಾಮ್ ನಾನು ಮುಟ್ಟಲಿಲ್ಲ ಸರ್. ಮೆಷಿನ್‌ನಲ್ಲಿ ಎಂತದೋ ಬದಲಾಗಿದೆ."

ಶುರುವಾಗುವಾಗ ಮೆಷಿನ್, ಯಾವ ಫೈಲು ಎಲ್ಲಿದೆ ಎಂಬ ವಿಳಾಸಗಳನ್ನು ಎನ್ವಿರಾನ್‌ಮೆಂಟ್ ಎಂಬ ಸಣ್ಣ ಜಾಗದಲ್ಲಿ ಬರೆದುಕೊಳ್ಳುತ್ತದೆ. ಆ ಪಟ್ಟಿ ತೆಗೆದು ನೋಡಿದೆ. ಲೈಬ್ರರಿಯ ವಿಳಾಸ ಇರಲಿಲ್ಲ. ಆದರೆ ಪಟ್ಟಿ ತುಂಬಿಸುವ ಫೈಲಿನಲ್ಲಿ ಅದು ಕೊನೆಯ ಸಾಲಾಗಿ ಇತ್ತು. ಮೆಷಿನ್ ಆರಿಸಿ ಮತ್ತೆ ಹಾಕಿದೆ; ಈ ಸಲ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಕ್ಷಣ ಕಾಣಿಸಿ ಹೋಯಿತು: ಜಾಗ ಸಾಲದು.

ಜಾಗ ತಿಂದದ್ದು ಆ ಕೊನೆಯ ಸಾಲಿನ ಮೇಲಿದ್ದ ಹೆಸರುಗಳು. ಪರೀಕ್ಷೆಯ ದಿನ ತನ್ನ ಹೆಸರಿನ ಡೈರೆಕ್ಟರಿಯ ವಿಳಾಸವನ್ನು ಆ ಫೈಲಿಗೆ ಸೇರಿಸಿದರೆ ಒಳ್ಳೆಯದಾಗುತ್ತದೆ ಎಂಬುದು ನಮ್ಮ ಲ್ಯಾಬಿನ ನಂಬಿಕೆ. ನಮ್ಮ ಮಣಿಪಾಲದ ಕಾಲೇಜಿನ ಜಾಣರು ಮೂರು ಬ್ಯಾಚಿನಿಂದ ಸೇರಿಸುತ್ತಲೇ ಬಂದಿದ್ದರು. ವಿಠಲ, ಸುಭಾಷಿಣಿ, ಜನಾರ್ದನ... ಹೆಸರುಗಳ ತುದಿಯಲ್ಲಿ ಹೊಸತು, ಧರ್ಮಪಾಲ.

"ಬೆಳಿಗ್ಗೆ ಹಾಕಿದೆಯಾ?"

"ಎಲ್ಲರೂ ಹಾಕ್ತಾರೆ, ಅಲ್ವಾ?"

"ಎಲ್ಲರದ್ದೂ ತೆಗೀತೇನೆ."

"ನನ್ನದೊಂದು ಬಿಡು ಮಾರಾಯ್ತಿ, ಪರೀಕ್ಷೆ ಆಗುವವರೆಗೆ!"

"ಸೀನಿಯರ್‌ಗಳದ್ದು ಮುಟ್ಟಬೇಡ," ಲಿಯೋನೆಲ್ ಸರ್ ಎದ್ದು ಬಂದರು. "ಇಷ್ಟರವರೆಗೆ ಯಾರೂ ಮುಟ್ಟಲಿಲ್ಲ. ಮೆಷಿನ್ ನಿಂತರೆ?"

"ಅವರೆಲ್ಲ ಪಾಸಾಗಿ ಹೋಗಿ ಆಯ್ತು ಸರ್. ನಿಂತರೆ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯಿರಿ."

ಅವರು ನಿಜವಾಗಿಯೂ ರಿಜಿಸ್ಟರ್ ತೆಗೆದರು. ನಾನು ಒಂದೊಂದಾಗಿ ಎಲ್ಲ ಹೆಸರೂ ಅಳಿಸಿ ಮೆಷಿನ್ ಮತ್ತೆ ಶುರು ಮಾಡಿದೆ. ಪ್ರೋಗ್ರಾಮ್ ಓಡಿಸಿದೆ. ಪರದೆ ಕಪ್ಪಾಯಿತು. ಲಿಯೋನೆಲ್ ಸರ್ ಪೆನ್ನಿನ ಮುಚ್ಚಳ ಬಿಚ್ಚಿದರು. ಆಗ ಎಡಗಡೆಯಿಂದ ಗೆರೆ ಹೊರಟಿತು. ಏರಿತು, ಇಳಿಯಿತು, ಮತ್ತೆ ಏರಿತು.

ಹನ್ನೊಂದಕ್ಕೆ ಬಂದ ಪರೀಕ್ಷಕರು ಅತಿ ಎತ್ತರದ ತುದಿ ತೋರಿಸಿ, "ಇದು ಯಾವ ದಿನ?" ಎಂದರು.

"ಹುಣ್ಣಿಮೆಯ ಮರುದಿನ ಸರ್."

ಅವರು ಬಗ್ಗಿ ಗ್ರಾಫಿನ ಅಡಿಯ ಸಾಲು ಓದಿದರು. "ಅಳತೆ: ಬೂಬ, ವಾರಿಜಾ. ಈ ಬೂಬ ಯಾರು? ನಿಮ್ಮ ಗೈಡಾ?"

"ಅಪ್ಪ. ಮೀನಿಗೆ ದೋಣಿಯಲ್ಲಿ ಹೋಗುವವರು," ಎಂದೆ, ಹೊರಗೆ ಕಾಯುತ್ತಿದ್ದ ಧರ್ಮಪಾಲನಿಗೂ ಕೇಳುವಷ್ಟು ಗಟ್ಟಿಯಾಗಿ.