ಪ್ಲಾಸ್ಟಿಕ್ ಹಾಳೆಯ ಕೆಳಗೆ

ಈ ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರು ನುಗ್ಗಿ ನಮ್ಮ ನೆಲಮಾಳಿಗೆಯ ಹಳೇ ಲಿನೋಲಿಯಂ ಕೊಳೆತು ಎದ್ದಿತು. ಏಳಲಿ ಬಿಡಿ, ಅದಕ್ಕೂ ನಲವತ್ತು ದಾಟಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ನನಗೆ ಎಪ್ಪತ್ತು, ಗಂಡ ಎಜಿಯೊಗೆ ಎಪ್ಪತ್ತಾರು. ಸಾಕಪ್ಪಾ ಸಾಕು ಅನ್ನಿಸುವ ವಯಸ್ಸು.

ನಮ್ಮ ಬದುಕೆಲ್ಲ ಕೆಳಗೇ. ಮೇಲಿನ ಅಡುಗೆಮನೆ ನೆಂಟರು ನೋಡಿ ಹೋಗುವುದಕ್ಕೆ. ಅಲ್ಲಿ ನಾನು ಇವತ್ತಿನವರೆಗೆ ಒಂದು ಮೊಟ್ಟೆ ಬೇಯಿಸಿಲ್ಲ. ವರ್ಷಕ್ಕಾಗುವಷ್ಟು ಟೊಮೇಟೊ ಕುದಿಸಿ ಬಾಟಲಿಗೆ ತುಂಬುವುದು, ಚಳಿಗಾಲಕ್ಕೆ ಸಾಸೇಜ್ ಕಟ್ಟುವುದು, ಹಬ್ಬದೂಟ, ಜಗಳ, ಎಲ್ಲ ನೆಲಮಾಳಿಗೆಯ ಒಲೆಯ ಮುಂದೆ. ಹ್ಯಾಮಿಲ್ಟನ್ನಿನ ನಮ್ಮ ಬೀದಿಯಲ್ಲಿ ಇಟಲಿಯಿಂದ ಬಂದವರ ಯಾವ ಮನೆಗೆ ಹೋದರೂ ಹೀಗೇ. ಮೇ ತಿಂಗಳಲ್ಲಿ ಮೊಮ್ಮಗಳಿಗೆ ಚರ್ಚಿನಲ್ಲಿ ಬಿಷಪ್ ಕೈಯಿಂದ ಎಣ್ಣೆ ಹಚ್ಚಿಸುವ ದಿನ. ಮೂವತ್ತು ಜನ ಊಟಕ್ಕೆ ಬರುತ್ತಾರೆ, ಕೆಳಗೆ ಬರಿಯ ಕಾಂಕ್ರೀಟು.

ಎಜಿಯೊ ಟೈಲ್ಸ್ ಹಾಕುವವನು. ಈ ಊರಿನ ಎಷ್ಟೋ ಬಚ್ಚಲುಮನೆಗಳ ನೆಲ ಅವನ ಕೈಯದು. ಸ್ವಂತ ನೆಲಮಾಳಿಗೆಗೆ ಮಾತ್ರ ಯಾವಾಗಲೂ ಮುಂದಿನ ವರ್ಷ. ಮಗ ಲಿವಿಯೊ ಹೆಜ್ಜೆ ಇಡುವುದರೊಳಗೆ ಹಾಕಿಕೊಡುತ್ತೇನೆ ಅಂದಿದ್ದ. ಲಿವಿಯೊಗೆ ಈಗ ನಲವತ್ತೆರಡು, ತಲೆ ಪೂರ್ತಿ ಬೋಳು. ಇನ್ನೊಂದು ಸಲ ಮಂಡಿಯೂರಿ ಕೆಲಸ ಮಾಡಿದರೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಎರಡು ಬಾರಿ ಹೇಳಿದ್ದಾರೆ. ಇವನು ಕೇಳಿಸಿಕೊಂಡರೆ ತಾನೆ!

ಅಂಗಡಿಗೆ ಹೋದೆವು. ಅಲ್ಲಿನ ಹುಡುಗಿ ಮರದಂತೆ ಕಾಣುವ ವಿನೈಲ್ ಹಲಗೆ ತೋರಿಸಿದಳು.

"ನಮ್ಮವರೇ ಬಂದು ಒಂದೇ ದಿನದಲ್ಲಿ ಹಾಕ್ತಾರೆ. ಆದ್ರೆ ಕಾಂಕ್ರೀಟ್ ಬೆವರೋ ಹಾಗಿದ್ರೆ ಹಲಗೆ ಕೆಳಗೆ ಬೂಷ್ಟು ಹಿಡಿಯುತ್ತೆ. ಒಂದು ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಹಾಸಿ, ಸುತ್ತ ಟೇಪ್ ಅಂಟಿಸಿ, ಮೂರು ದಿನ ಬಿಡಿ. ಒಳಗೆ ಹನಿ ಕಂಡ್ರೆ ಟೈಲ್ಸೇ ಒಳ್ಳೇದು."

ಎಜಿಯೊ ಆ ಹಲಗೆಯನ್ನು ಉಗುರಿನಿಂದ ಕೆರೆದ. "ಇದೂ ಒಂದು ನೆಲಾನಾ? ಬಕೆಟ್ ಕರಗಿಸಿ ಮಾಡಿದ ಹಾಗಿದೆ."

ಕಾರಿನಲ್ಲಿ ಒಪ್ಪಂದವಾಯಿತು. ಒಣಗಿದ್ದರೆ ವಿನೈಲ್, ಒದ್ದೆಯಾಗಿದ್ದರೆ ಟೈಲ್ಸ್.

"ಟೈಲ್ಸ್ ಆದ್ರೆ ಬೇರೆಯವರನ್ನ ಕರೆಸೋಣ," ಎಂದೆ.

"ನನ್ನ ಮನೆ ನೆಲಾನ ಇನ್ನೊಬ್ಬ ಮುಟ್ಟಿದ್ರೆ ನಾನು ಗ್ಯಾರೇಜಲ್ಲಿ ಮಲಗ್ತೀನಿ ನೋಡು."

"ಮಲಗು ಹೋಗು, ಗೊರಕೆನಾದ್ರೂ ತಪ್ಪುತ್ತೆ."

ಬಾಯಲ್ಲಿ ಹಾಗಂದರೂ ನನಗೆ ಹೆದರಿಕೆ. ಟೈಲ್ಸ್ ಅಂತಾದರೆ ಇವನು ಮಂಡಿಯೂರುತ್ತಾನೆ, ಮತ್ತೆ ಏಳುವುದಿಲ್ಲ.

ಅವತ್ತು ಸಂಜೆ ನಾನೇ ಹಾಳೆ ಹಾಸಿ ಟೇಪ್ ಅಂಟಿಸಿದೆ. ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಇಳಿದು ನೋಡಿದೆ. ಹಾಳೆಯ ಕೆಳಗೆ ಸಣ್ಣ ಹನಿಗಳು. ಒಂದು ಮೂಲೆಯ ಟೇಪ್ ಬಿಡಿಸಿ, ಬಟ್ಟೆ ತೂರಿಸಿ ಒರೆಸಿ, ಮತ್ತೆ ಅಂಟಿಸಿದೆ. ನಲವತ್ತು ವರ್ಷ ಟೈಲ್ಸಿಗೆ ಬಾಯಿಬಿಟ್ಟು ಕಾದವಳು ನಾನೇ, ಒರೆಸಿದವಳೂ ನಾನೇ. ಎರಡನೆಯ ಬೆಳಿಗ್ಗೆ ನೋಡಿದರೆ ನೀರು ನಿಂತಿತ್ತು. ಇದೆಲ್ಲಿಂದ ಬಂತು ಇಷ್ಟೊಂದು ಎಂದು ಬೈದುಕೊಂಡು ಅದನ್ನೂ ಒರೆಸಿದೆ.

ಮೂರನೆಯ ದಿನ ಚರ್ಚಿಗೆ ಹೋಗುವ ಆತುರದಲ್ಲಿ ಒರೆಸಲಾಗಲಿಲ್ಲ. ಬಂದವಳೇ ಕೋಟು ಸಹ ಬಿಚ್ಚದೆ ಬಟ್ಟೆ ಹಿಡಿದು ಕೆಳಗಿಳಿದೆ.

ಎಜಿಯೊ ಹಾಳೆಯ ಪಕ್ಕದಲ್ಲಿ ಕಾಂಕ್ರೀಟಿನ ಮೇಲೆ ಕೂತಿದ್ದ. ಮೊಣಕಾಲಿಗೆ ಹಳೇ ರಬ್ಬರ್ ಮೆತ್ತೆಗಳನ್ನು ಕಟ್ಟಿಕೊಂಡಿದ್ದ. ಪಕ್ಕದಲ್ಲಿ ನಾನು ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಮುಖ ಬೂದಿಯಾಗಿತ್ತು.

"ಎಷ್ಟೊತ್ತಿಂದ ಹೀಗೆ ಕೂತಿದ್ದೀಯ?"

"ನೀನು ಹೋದಾಗಿಂದ. ಏಳೋಕಾಗ್ತಿಲ್ಲ ಕಣೇ."

"ಫೋನ್ ಮಾಡಬಾರದಿತ್ತಾ, ಮಾರಾಯ!"

"ಮಾಡಿ ಏನಂತ ಹೇಳ್ಲಿ? ನೆಲ ಒದ್ದೆ ಮಾಡೋಕೆ ಹೋಗಿ ಸಿಕ್ಕಿಹಾಕ್ಕೊಂಡೆ ಅಂತಲಾ?" ಆಮೇಲೆ ನನ್ನ ಕೈಯ ಬಟ್ಟೆ ನೋಡಿದ. "ಓಹೋ. ನಾನು ಸುರಿಯೋದು, ನೀನು ಒರೆಸೋದು."

ನಗು ಬಂತು, ಜೊತೆಗೆ ಅಳುವೂ ಬಂತು. ಪಕ್ಕದಲ್ಲೇ ಕೂತುಬಿಟ್ಟೆ. ನೆಲದ ತಂಡಿ ಮೂಳೆಗಿಳಿಯುತ್ತಿತ್ತು.

"ಯಾಕೆ ಬೇಕಿತ್ತು ನಿನಗೆ ಈ ಹುಚ್ಚಾಟ?"

"ಮಾತು ಕೊಟ್ಟಿದ್ದೆನಲ್ಲ," ಎಂದ.

ಲಿವಿಯೊ ಬಂದು ಇಬ್ಬರನ್ನೂ ಎಬ್ಬಿಸಿದ. ನಾಚಿಕೆಗೇಡು.

ನೆಲ ನಿಜಕ್ಕೂ ಒದ್ದೆಯೋ ಒಣವೋ, ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಲಿವಿಯೊನಿಂದಲೇ ಬೇರೆ ಜಾಗದಲ್ಲಿ ಹೊಸ ಹಾಳೆ ಹಾಕಿಸಿದೆವು. ಅವನು ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನೂ ಒಯ್ದ. "ನಿಮ್ಮಿಬ್ಬರನ್ನೂ ನಂಬಲ್ಲ," ಎಂದ. ಮೂರು ದಿನ ನಾವು ಮೇಲಿನ ಅಡುಗೆಮನೆಯಲ್ಲಿ ಯಾರದೋ ಮನೆಯ ನೆಂಟರಂತೆ ಕೂತು ತಂಗಳು ಸಾರು ಉಂಡೆವು.

ಬೀಗ ತೆಗೆದು ನೋಡಿದರೆ ಹಾಳೆಯ ತುಂಬ ಹನಿ. ಯಾರೂ ಸುರಿಯದ, ಯಾರೂ ಒರೆಸದ ನೀರು. ಎಜಿಯೊ ಗೆದ್ದ. ನಾನು ಅವನ ಮೊಣಕಾಲಿನ ಕಡೆ ನೋಡಿದೆ. ಇನ್ನು ಇವನನ್ನು ತಡೆಯುವವರು ಯಾರು?

ಅವನು ಕುರ್ಚಿ ಎಳೆದು ಕೂತ. ಜೇಬಿನಿಂದ ಫೋನ್ ತೆಗೆದು ತನ್ನ ಹತ್ತಿರ ಕೆಲಸ ಕಲಿತಿದ್ದ ಸಾಂತೆಗೆ ಮಾಡಿದ.

"ಸಾಂತೆ, ನಾನು ಎಜಿಯೊ. ನನ್ನ ಹೆಂಡತಿಗೆ ಒಂದು ನೆಲ ಹಾಕಿಕೊಡಬೇಕು." ನೀವೇ ಹಾಕಲ್ವಾ ಎಂದು ಅವನು ಕೇಳಿರಬೇಕು. "ಇಲ್ಲಪ್ಪ. ನನ್ನ ಕೈಲಿ ಆಗಲ್ಲ."

ಐವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವನ ಬಾಯಿಂದ ನಾನು ಕೇಳಿರಲಿಲ್ಲ. ಬಟ್ಟೆ ತೆಗೆದುಕೊಂಡು ಆ ಹನಿಗಳನ್ನು ಒರೆಸತೊಡಗಿದೆ; ಒರೆಸುವ ಅಗತ್ಯ ಇನ್ನಿರಲಿಲ್ಲ.